ಅಡ್ವಾನ್ಸ್ ಕೊಟ್ಟಾದ ಮೇಲೆ ಕಾಗದ ನೋಡುವುದು

ಬ್ಯಾಂಕ್ ಸಾಲಕ್ಕೆ ಜಾಗದ ಕಾಗದ ಪರಿಶೀಲಿಸಿ ಅಭಿಪ್ರಾಯ ಬರೆದುಕೊಡುವುದು ನನ್ನ ಕೆಲಸ. ಮಂಗಳೂರಿನ ನನ್ನ ಆಫೀಸಿಗೆ ಹೆಚ್ಚಿನವರು ಬರುವುದೇ ಅಡ್ವಾನ್ಸ್ ಕೊಟ್ಟಾದ ಮೇಲೆ. "ಗುರ್ತದವರೇ ಸರ್, ತೊಂದರೆ ಏನಿಲ್ಲ" ಎನ್ನುತ್ತಾರೆ. ಗುರ್ತದವರ ಫೈಲೇ ಜಾಸ್ತಿ ತಲೆ ತಿನ್ನುವುದು, ಅದು ಬೇರೆ ಮಾತು.

ಮೊದಲು ದುಡ್ಡು. ನಗರದಲ್ಲಿ 60 ಲಕ್ಷದ ಫ್ಲ್ಯಾಟ್ ಅಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಇದಕ್ಕೆ ಸಿಗುವ ಸಾಲ ಹೆಚ್ಚೆಂದರೆ ಶೇ 80, ಅಂದರೆ 48 ಲಕ್ಷ. ಉಳಿದ 12 ಲಕ್ಷ ಹೊಂದಿಸಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಆಗಲಿಲ್ಲ. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ 2ಕ್ಕೆ ಏರಿತು. ಎಲ್ಲ ಸೇರಿ 4.56 ಲಕ್ಷ. ಬ್ಯಾಂಕ್ ಇದನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಕೈಯಿಂದಲೇ ಹಾಕಬೇಕು. ಮನೆಯ ಚಿನ್ನ ಅಡವಿಗೆ ಹೋಗುವುದು ಈ ಹಂತದಲ್ಲಿ.

ದುಡ್ಡಾದರೂ ಹೇಗೋ ಹೊಂದುತ್ತದೆ.

ಕಳೆದ ಮಳೆಗಾಲ ಗಂಡ ಹೆಂಡತಿ ಬಂದರು. ನಗರದ ಹೊರಗೆ ಪಂಚಾಯತ್ ಜಾಗ, 6 ಸೆಂಟ್ಸ್, ಹಂಚಿನ ಮನೆ. 3 ಲಕ್ಷ ಕೊಟ್ಟಾಗಿತ್ತು. ಆರ್‌ಟಿಸಿ ನೋಡಿದರೆ ಮಾರುವವರ ಹೆಸರೇ ಇಲ್ಲ, ಅವರ ಅಮ್ಮನ ಹೆಸರು. ಅಮ್ಮ ತೀರಿಕೊಂಡು 20 ವರ್ಷ. ಮಕ್ಕಳು ಐದು ಜನ, ಒಬ್ಬರು ಮುಂಬೈಯಲ್ಲಿ, ಇಬ್ಬರು ದುಬೈಯಲ್ಲಿ. ಕನ್ವರ್ಷನ್, ಅಂದರೆ ಕೃಷಿ ಜಾಗವನ್ನು ವಾಸದ ಜಾಗವಾಗಿ ಬದಲಿಸುವುದು, ಆಗಿಲ್ಲ, ಹಾಗಾಗಿ ನೈನ್ ಇಲೆವೆನ್ ಕೂಡ ಇಲ್ಲ. ಪಂಚಾಯತ್ ಕೊಡುವ ಆಸ್ತಿ ದಾಖಲೆ, ನಮೂನೆ 9 ಮತ್ತು 11ಕ್ಕೆ ನಮ್ಮಲ್ಲಿ ಹೇಳುವುದು ಹಾಗೆ. ಅದಿಲ್ಲದೆ ಮನೆ ರಿಜಿಸ್ಟರ್ ಆಗುವುದಿಲ್ಲ.

"ಕರೆಂಟ್ ಉಂಟು, ತೆರಿಗೆ ಕಟ್ತಾರೆ, ಮತ್ತೆಂತ ಬೇಕು?" ಹೆಂಡತಿ ಕೇಳಿದರು. ಸಿಟ್ಟು ಬರುವುದು ಸಹಜ. ಆದರೆ ತೆರಿಗೆ ರಶೀದಿ ಒಡೆತನದ ಕಾಗದ ಅಲ್ಲ. ಅಡ್ವಾನ್ಸಿಗೆ ಕರಾರು ಏನು ಮಾಡಿದ್ದೀರಿ ಅಂತ ಕೇಳಿದೆ. ಬಿಳಿ ಹಾಳೆಯ ರಶೀದಿ ತೆಗೆದರು. ಅದರಲ್ಲಿ ಸರ್ವೆ ನಂಬರ್ ಇರಲಿಲ್ಲ, ವ್ಯವಹಾರ ಮುರಿದರೆ ದುಡ್ಡು ಯಾವಾಗ ವಾಪಸ್ ಅಂತಲೂ ಇರಲಿಲ್ಲ.

ಪೇಟೆಯ ಹಳೆ ಜಾಗಗಳಲ್ಲಿ ಮೂಲಗೇಣಿ ಇದೆಯಾ ಅಂತಲೂ ನೋಡಬೇಕು. ಅದು ಶಾಶ್ವತ ಗೇಣಿ, ತಲೆಮಾರುಗಳಿಂದ ಮನೆ ಕಟ್ಟಿ ಕೂತಿದ್ದರೂ ಮೂಲಿದಾರರು, ಅಂದರೆ ಜಾಗದ ಒಡೆಯರು, ಬೇರೆಯೇ. ಇಂಥವರಿಗೆ ಒಡೆತನ ಕೊಡುವುದಕ್ಕೆಂದೇ 2011ರ ಕಾಯ್ದೆ ಬಂದದ್ದು.

ಆ ದಂಪತಿಯ ಫೈಲ್ ಇನ್ನೂ ನನ್ನ ಮೇಜಿನ ಮೇಲೆ ಉಂಟು. ದುಬೈಯಿಂದ ಒಬ್ಬರ ಪವರ್ ಆಫ್ ಅಟಾರ್ನಿ ಬರಬೇಕು.