ಹಂಡೆಗೆ ಒಲೆ ಕೆಳಗೆ, ಕೆರೆಗೆ ಒಲೆ ಮೇಲೆ

ಅಶ್ವಿನಿ ಮುಗಿದು ಭರಣಿ ಹುಟ್ಟುವ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ವಾರಗಟ್ಟಲೆ ಕಾದ ಕಾವಲಿಯಂತಿದ್ದ ಊರಿಗೆ ಸಂಜೆ ಗುಡುಗು ಸಹಿತ ಮಳೆ. ಜನ ಉಸ್ಸಪ್ಪಾ ಎಂದು ಕಿಟಕಿ ತೆರೆದಿಟ್ಟು ಮಲಗುತ್ತಾರೆ. ಬೆಳಗಾದರೆ ಯಾವುದೋ ಕೆರೆಯ ದಂಡೆ ತುಂಬ ಹೊಟ್ಟೆ ಮೇಲಾದ ಮೀನು. ಮಳೆಯಿಂದ ಧರಣಿಗೆಲ್ಲ ಜೀವ ಬರುವಾಗ ಕೆರೆಯ ಮೀನಿಗೆ ಮಾತ್ರ ಸಾವು ಬಂದಿದ್ದೇಕೆ?

ಉತ್ತರಗಳಿಗೇನೂ ಬರವಿಲ್ಲ. ಸಿಡಿಲು ಬಡಿಯಿತು ಎಂದು ಒಬ್ಬರು, ಯಾರೋ ವಿಷ ಹಾಕಿದರು ಎಂದು ಇನ್ನೊಬ್ಬರು, ಬಿಸಿಲಿಗೆ ನೀರು ಕಾದು ಬೆಂದುಹೋದವು ಎಂದು ಮತ್ತೊಬ್ಬರು. ಗ್ರಹಚಾರದ ಲೆಕ್ಕ ಹೇಳುವವರನ್ನು ಇಲ್ಲಿ ಬಿಟ್ಟುಬಿಡೋಣ. ಸಿಡಿಲೇ ಕಾರಣವಾದರೆ ಸಿಡಿಲು ಬೀಳದ ಪಕ್ಕದ ಕೆರೆಯಲ್ಲೂ ಅದೇ ರಾತ್ರಿ ಮೀನು ಸತ್ತಿದ್ದು ಹೇಗೆ? ಬಿಸಿಲೇ ಕಾರಣವಾದರೆ ಬೇಗೆಯ ಮಧ್ಯಾಹ್ನ ಬದುಕಿದ್ದ ಕಟ್ಲಾ ತಂಪಾದ ಮೇಲೆ ಸಾಯಬೇಕೇಕೆ? ವಿಷದ ಮಾತಿಗೆ ಆಮೇಲೆ ಬರೋಣ. ಅದರಲ್ಲಿ ಅರ್ಧ ಸತ್ಯವಿದೆ.

ಬಿಸಿಲಿನ ಪಾತ್ರ ಇಲ್ಲವೆಂದಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ. ಅದು ಕಡಲ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ ಇರುವುದರಿಂದ ಇಲ್ಲಿ ಸಿಗುವುದು 6.8ರ ಆಸುಪಾಸು. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಸುಮಾರು 250 ಮಿಲಿಗ್ರಾಂ ಇದೆ ಎಂಬುದನ್ನು ನೆನೆದರೆ ಮೀನಿನ ಬಡತನ ಅರ್ಥವಾದೀತು. ಅದರ ಮೇಲೆ, ನೀರು 10 ಡಿಗ್ರಿ ಬಿಸಿಯಾದರೆ ಮೀನಿನ ಮೈಯ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಂಬಳ ಇಳಿಯಿತು, ಖರ್ಚು ಏರಿತು. ಆದರೂ 6.8 ಎಂದರೆ ಕಟ್ಲಾ, ರೋಹುಗಳಂಥ ಗೆಂಡೆಯ ಕುಲಕ್ಕೆ ಧಾರಾಳವೇ. ಐದಿದ್ದರೆ ಸುಖ, ಮೂರಕ್ಕಿಳಿದರೆ ಕಷ್ಟ, ಒಂದಕ್ಕಿಂತ ಕೆಳಗೆ ಹೋದರೆ ಕೆಲವೇ ಗಂಟೆಗಳ ಬದುಕು. ಹಾಗಾದರೆ 6.8 ಇದ್ದದ್ದು ಒಂದೇ ರಾತ್ರಿಯಲ್ಲಿ ಸೊನ್ನೆಯಾಗುವುದು ಹೇಗೆ?

ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಒಲೆ ಕೆಳಗಿದೆ. ತಳದ ನೀರು ಕಾದು ಹಗುರಾಗಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ, ಯಾರೂ ಕಲಕದೆಯೇ ಹಂಡೆಯೆಲ್ಲ ಕಲಸಿಹೋಗುತ್ತದೆ. ಕೆರೆಗೆ ಒಲೆ ಇರುವುದು ಮೇಲೆ, ಆಕಾಶದಲ್ಲಿ. ಮೇಲಿನ ನೀರು ಕಾದು ಹಗುರಾಗಿ ಅಲ್ಲೇ ತೇಲುತ್ತದೆ. ಕೆಳಗಿನದು ತಂಪಾಗಿ ಭಾರವಾಗಿ ಅಲ್ಲೇ ಕೂರುತ್ತದೆ. ಕಾದಷ್ಟೂ ಎರಡೂ ದೂರವಾಗುತ್ತವೆಯೇ ಹೊರತು ಬೆರೆಯುವುದಿಲ್ಲ. ಹಂಡೆ ನೋಡದ ತಲೆಮಾರಿನವರಿಗೆ ತಾರಸಿಯ ಸೋಲಾರ್ ಟ್ಯಾಂಕ್ ಇದೆ. ಬಿಸಿನೀರನ್ನು ಮೇಲಿನಿಂದ ಎಳೆಯುತ್ತೇವೆ, ತಣ್ಣೀರು ಕೆಳಗಿನಿಂದ ಸೇರುತ್ತದೆ, ನಡುವೆ ಗೋಡೆಯಿಲ್ಲದಿದ್ದರೂ ಎರಡೂ ಬೆರೆಯದೆ ನಿಲ್ಲುತ್ತವೆ. ಅದೂ ಸಾಲದಿದ್ದರೆ ಸಾರಿನ ಪಾತ್ರೆಯನ್ನು ನೋಡಿ: ಮೇಲೆ ತಿಳಿ, ಕೆಳಗೆ ಗಷ್ಟು.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಶೀತದೇಶದ ಸರೋವರಗಳನ್ನು ನೋಡಿ ಬರೆದ ಪಠ್ಯಗಳನ್ನೇ ಓದುವ ನಾವು ಇದನ್ನು ಗಮನಿಸುವುದೇ ಕಡಿಮೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅಲ್ಲಿಂದ ಮೇಲಕ್ಕೆ ಅದು ಹಗುರಾಗುವ ವೇಗ ಒಂದೇ ಸಮನಾಗಿಲ್ಲ, ಬಿಸಿಯಾದಷ್ಟೂ ವೇಗ ಹೆಚ್ಚು. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ 4 ಡಿಗ್ರಿಯ ನೀರನ್ನು 5ಕ್ಕೆ ಏರಿಸಿದರೆ ತೂಕದಲ್ಲಿ ಆಗುವ ವ್ಯತ್ಯಾಸ 8 ಗ್ರಾಂ. 29ರದ್ದನ್ನು 30ಕ್ಕೆ ಏರಿಸಿದರೆ 300 ಗ್ರಾಂ! ಮೇಲೆ 32, ತಳದಲ್ಲಿ 28 ಡಿಗ್ರಿ ಇರುವ ನಮ್ಮ ಕೆರೆಯಲ್ಲಿ ಎರಡು ಪದರಗಳ ನಡುವೆ ಎಷ್ಟು ಭಾರದ ಅಂತರವಿದೆಯೋ ಅಷ್ಟನ್ನೇ ಪಡೆಯಲು 4 ಡಿಗ್ರಿಯ ತಳವಿರುವ ಸರೋವರದ ಮೇಲ್ಮೈ 17 ಡಿಗ್ರಿಗೆ ಕಾಯಬೇಕು. ನಮ್ಮ ನಾಲ್ಕು ಡಿಗ್ರಿ ಅವರ ಹದಿಮೂರಕ್ಕೆ ಸಮ. ಎರಡೇ ಮೀಟರ್ ಆಳದ, ಎಮ್ಮೆ ದಾಟುವಂಥ ಕೆರೆಯೂ ಬೇಸಿಗೆಯಲ್ಲಿ ಎರಡು ಅಂತಸ್ತಿನ ಮನೆಯಾಗುವುದು ಹೀಗೆ. ನೀರು ಪಾಚಿಯಿಂದ ಹಸಿರಾಗಿದ್ದರೆ ಬಿಸಿಲೆಲ್ಲ ಮೇಲಿನ ಒಂದೆರಡು ಅಡಿಯಲ್ಲೇ ಹೀರಿಹೋಗಿ ಅಂತಸ್ತು ಇನ್ನಷ್ಟು ಗಟ್ಟಿ.

ಮೇಲಂತಸ್ತಿಗೆ ಗಾಳಿಯುಂಟು, ಬೆಳಕುಂಟು. ಕೆಳಗೆ ಎರಡೂ ಇಲ್ಲ. ಕೊಳೆಯುವ ಹೂಳು ಅಲ್ಲಿದ್ದ ಆಮ್ಲಜನಕವನ್ನು ಮುಗಿಸಿ, ಹೈಡ್ರೋಜನ್ ಸಲ್ಫೈಡ್, ಮೀಥೇನ್, ಅಮೋನಿಯಾಗಳನ್ನು ಕೂಡಿಹಾಕುತ್ತದೆ. ವಾರಗಟ್ಟಲೆ ಬಡ್ಡಿ ಬೆಳೆಯುವ ಸಾಲ ಅದು. ಮೀನುಗಳು ಮೇಲಂತಸ್ತಿನಲ್ಲೇ ಇಕ್ಕಟ್ಟಿನಲ್ಲಿ ದಿನ ನೂಕುತ್ತವೆ.

ಆ ಮೇಲಂತಸ್ತಿನಲ್ಲೂ ದಿನಕ್ಕೊಂದು ಏರಿಳಿತವಿದೆ. ಪಾಚಿ ಹಗಲಿಡೀ ಆಮ್ಲಜನಕ ದುಡಿಯುತ್ತದೆ, ರಾತ್ರಿಯಿಡೀ ತಾನೇ ಕುಡಿದು ಮುಗಿಸುತ್ತದೆ. ಹಚ್ಚಹಸಿರು ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ 15 ಮಿಲಿಗ್ರಾಂ ದಾಟಿದ್ದು ಬೆಳಗಿನ ಐದಕ್ಕೆ ಎರಡಕ್ಕಿಳಿಯುವುದುಂಟು. ಮೀನುಗಳೇ ಉಸಿರಾಡಿ ಮುಗಿಸುತ್ತವೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಒಂದು ಹೆಕ್ಟೇರ್ ವಿಸ್ತಾರದ, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಲೀಟರಿಗೆ 6 ಮಿಲಿಗ್ರಾಂ ಲೆಕ್ಕದಲ್ಲಿ 90 ಕಿಲೋ ಆಮ್ಲಜನಕವಿರುತ್ತದೆ. ಅದರಲ್ಲಿ ಎರಡು ಟನ್ ಮೀನಿದ್ದರೂ ರಾತ್ರಿಯ ಹನ್ನೆರಡು ಗಂಟೆಯಲ್ಲಿ ಅವುಗಳಿಗೆ ಬೇಕಾಗುವುದು ಆರೇಳು ಕಿಲೋ. ಉಳಿದದ್ದು ಪಾಚಿ, ಬ್ಯಾಕ್ಟೀರಿಯಾ ಮತ್ತು ಕೆಸರಿನ ಪಾಲು.

ನೀರಿನ ಆಮ್ಲಜನಕ ಅಳೆಯುವ ವಿಧಾನವನ್ನು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲೇ ಕೊಟ್ಟ. ಮ್ಯಾಂಗನೀಸ್, ಅಯೋಡೈಡ್, ಗಂಜಿಯಂಥ ಸಾಮಾನ್ಯ ರಾಸಾಯನಿಕಗಳು ಸಾಕು, ಇಂದಿಗೂ ನಂಬಬಹುದಾದ ವಿಧಾನ. ಆದರೆ ಹನ್ನೊಂದು ಗಂಟೆಗೆ, ಕಚೇರಿ ತೆರೆದ ಮೇಲೆ, ಬಾಟಲಿ ತುಂಬಿಸಿದರೆ ಪಾಚಿ ಆಗಲೇ ನಾಲ್ಕೈದು ಗಂಟೆ ದುಡಿದಿರುತ್ತದೆ. ‘ಆಮ್ಲಜನಕ ಸಮಾಧಾನಕರ’ ಎಂದು ವರದಿ ಬರುತ್ತದೆ, ಸತ್ತ ಮೀನು ಪಕ್ಕದಲ್ಲೇ ನಾರುತ್ತಿರುತ್ತದೆ. ಅಳೆಯುವುದಾದರೆ ಸೂರ್ಯ ಹುಟ್ಟುವ ಮೊದಲು ಅಳೆಯಬೇಕು, ಮೇಲ್ಮೈಯಲ್ಲಿ ಒಂದು, ತಳದಿಂದ ಒಂದಡಿ ಮೇಲೆ ಇನ್ನೊಂದು.

ಈಗ ಮಳೆಯನ್ನು ಸುರಿಸೋಣ. ಸಂಜೆ ಬಿರುಗಾಳಿ ಎದ್ದು ಮೇಲ್ಮೈ ಸರ್ರನೆ ತಣಿಯುತ್ತದೆ. ತಳದ ನೀರಿಗಿಂತಲೂ ತಣ್ಣಗಿರುವ ಮಳೆನೀರು ಭಾರವಾಗಿ ಕೆಳಗಿಳಿದು, ಅಲ್ಲಿದ್ದುದನ್ನು ಮೇಲಕ್ಕೆ ನೂಕುತ್ತದೆ. ಅಂತಸ್ತು ಕುಸಿಯಿತು. ಸಾಲ ಕೊಟ್ಟವರೆಲ್ಲ ಒಮ್ಮೆಗೇ ಬಾಗಿಲು ಬಡಿದಂತೆ, ಸಲ್ಫೈಡು ಮೀಥೇನುಗಳೆಲ್ಲ ಮೇಲಿನ ಆಮ್ಲಜನಕದ ಮೇಲೆ ಮುಗಿಬೀಳುತ್ತವೆ. ಹೊತ್ತು ಮುಳುಗಿದ್ದರಿಂದ ಪಾಚಿಯ ದುಡಿಮೆ ನಿಂತಿದೆ, ಮರುದಿನ ಮೋಡವಿದ್ದರೆ ಆಗಲೂ ಇಲ್ಲ. ಮಳೆಯೇ ಆಮ್ಲಜನಕ ತರುವುದಿಲ್ಲವೇ ಎಂದರೆ, ತರುತ್ತದೆ. ಒಂದೂವರೆ ಮೀಟರ್ ಆಳದ ಕೆರೆಗೆ 50 ಮಿಲಿಮೀಟರ್ ಭಾರಿ ಮಳೆಯೂ ಮೂವತ್ತರಲ್ಲೊಂದು ಪಾಲು ಅಷ್ಟೇ.

ರಾಜಕಾಲುವೆ ತರುವುದು ಬೇರೆಯೇ ಲೆಕ್ಕ. ಒಂದು ಲೀಟರ್ ಕಚ್ಚಾ ಒಳಚರಂಡಿ ನೀರನ್ನು ಬ್ಯಾಕ್ಟೀರಿಯಾಗಳು ಅರಗಿಸಲು ಸುಮಾರು 200 ಮಿಲಿಗ್ರಾಂ ಆಮ್ಲಜನಕ ಬೇಕು. ಅಂದರೆ ಮೂವತ್ತು ಲೀಟರ್ ಕೆರೆನೀರಿನ ಉಸಿರು. ಬೇಸಿಗೆಯಿಡೀ ಕಾಲುವೆಯಲ್ಲಿ ಕೊಳೆತು ನಿಂತದ್ದನ್ನು ಮೊದಲ ಮಳೆ ಒಂದೇ ಗಂಟೆಯಲ್ಲಿ ತಂದು ಸುರಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗ ಚರ್ಚೆಯಾದದ್ದೂ ಒಳಚರಂಡಿ ಮತ್ತು ಆಮ್ಲಜನಕವೇ. ‘ವಿಷವಲ್ಲ, ಆಮ್ಲಜನಕದ ಕೊರತೆ ಅಷ್ಟೇ’ ಎನ್ನುವ ಹೇಳಿಕೆಯೂ ಅದಕ್ಕೇ ಕಿರಿಕಿರಿ ತರಿಸುತ್ತದೆ. ಕತ್ತು ಹಿಸುಕಿದವನನ್ನು ಬಿಟ್ಟು ಉಸಿರುಗಟ್ಟಿದ್ದೇ ಕಾರಣ ಎಂದಂತೆ ಅದು.

ನಿಜವಾದ ವಿಷಕ್ಕೂ ಇದಕ್ಕೂ ವ್ಯತ್ಯಾಸವನ್ನು ದಂಡೆಯಲ್ಲೇ ಗುರುತಿಸಬಹುದು. ಉಸಿರುಗಟ್ಟಿದ್ದಾದರೆ ಸಾವು ಮುಂಜಾನೆಗೆ, ದೊಡ್ಡ ಮೀನು ಮೊದಲು, ಬಾಯಿ ತೆರೆದು ಕಿವಿರು ಅಗಲಿಸಿ. ಮರಿಗಳು ಮೇಲ್ಮೈಯ ತೆಳುಪದರದಲ್ಲಿ ಇನ್ನೂ ಉಸಿರಾಡುತ್ತಿರುತ್ತವೆ. ಬೆಳ್ಳಿಗೆಂಡೆ, ಕಟ್ಲಾ ಹೋದರೂ ಕೊರವ ಮೀನು, ಕೆಲವು ಜಾತಿಯ ಕ್ಯಾಟ್‌ಫಿಶ್ ಆರಾಮ, ಏಕೆಂದರೆ ಅವು ತಲೆಯೆತ್ತಿ ನೇರ ಗಾಳಿಯನ್ನೇ ಗುಟುಕರಿಸಬಲ್ಲವು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಕೊಳಕು ಕೆರೆಗಳನ್ನೆಲ್ಲ ಆಳುತ್ತಿರುವುದಕ್ಕೆ ಕಡಿಮೆ ಆಮ್ಲಜನಕ ಸಹಿಸುವ ಅದರ ಗುಣವೂ ಒಂದು ಕಾರಣ. ವಿಷವಾದರೆ ಹೊತ್ತುಗೊತ್ತಿಲ್ಲ, ಸಣ್ಣದು ದೊಡ್ಡದೆಂಬ ಭೇದವಿಲ್ಲ, ಕೊರವವೂ ಉಳಿಯುವುದಿಲ್ಲ, ಕಪ್ಪೆ ಏಡಿಗಳೂ ಸತ್ತಿರುತ್ತವೆ.

ಪಾಶುವಾರು (ಕೆರೆಯ ಮೀನಿನ ಗುತ್ತಿಗೆ) ಹಿಡಿದು ಮೀನು ಬಿಟ್ಟವರು, ಕೋಲಾರ, ರಾಮನಗರದ ಕಡೆ ಕೃಷಿಹೊಂಡದಲ್ಲಿ ಸಾಕುವವರು ಮಾಡಬಹುದಾದದ್ದು ಇದೆ. ನೀರಿಗೆ ಕೈ ಇಳಿಸಿ: ಮೊಣಕೈ ಮುಳುಗುವವರೆಗೆ, ಅಂದರೆ 30ರಿಂದ 40 ಸೆಂಟಿಮೀಟರ್, ಅಂಗೈ ಕಂಡರೆ ಪಾಚಿ ಹದವಾಗಿದೆ. 20 ಸೆಂಟಿಮೀಟರಿಗೇ ಮಾಯವಾದರೆ ಮೇವು, ಸಗಣಿಗೊಬ್ಬರ ಅಂದೇ ನಿಲ್ಲಬೇಕು. ಮೋಡ ಕವಿದ ದಿನ ಮೇವು ಹಾಕಲೇಬಾರದು. ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಇದ್ದರೆ ಬೇಸಿಗೆಯಲ್ಲಿ ದಿನವೂ ಮಧ್ಯಾಹ್ನ ಎರಡು ಗಂಟೆ ಓಡಿಸಿ. ಅಂತಸ್ತು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದೇ ಅದರ ದೊಡ್ಡ ಉಪಯೋಗ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮತ್ತೆ. ತಿಂಗಳಿಡೀ ಸುಮ್ಮನಿದ್ದು ಮೋಡ ಕಂಡ ಸಂಜೆ ಗಾಬರಿಯಿಂದ ಹಾಕಿದರೆ ಮಳೆ ಮಾಡಬೇಕಿದ್ದ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಒಂದು ಅಶ್ವಶಕ್ತಿಯ ಯಂತ್ರ ಗಂಟೆಗೆ ಒಂದು ಕಿಲೋ ಆಸುಪಾಸು ಆಮ್ಲಜನಕ ಸೇರಿಸೀತು, ಇಡೀ ಕೆರೆ ಉಳಿಯದು, ಒಂದು ಮೂಲೆ ಉಳಿದೀತು. ಮೀನು ಅಲ್ಲಿಗೇ ಬಂದು ಸೇರುತ್ತದೆ. ಡೀಸೆಲ್ ಪಂಪಿನಲ್ಲಿ ನೀರೆತ್ತಿ ಚಿಮ್ಮಿಸುವವರು ಫುಟ್‌ವಾಲ್ವನ್ನು ತಳಕ್ಕೆ ಬಿಡುತ್ತಾರೆ. ಅದು ಕೊಳೆತ ನೀರನ್ನೇ ಎಳೆದು ಮೀನಿನ ತಲೆಯ ಮೇಲೆ ಸುರಿದಂತೆ. ವಾಲ್ವು ಮೇಲ್ಮೈಯಿಂದ ಒಂದಡಿ ಕೆಳಗಿರಲಿ. ಹಸಿರು ನೀರಿಗೆ ಮಧ್ಯಾಹ್ನ ಸುಣ್ಣ ಹಾಕುವುದಂತೂ ಬೇಡವೇ ಬೇಡ. ಸುಣ್ಣ ನೀರಿನ ಪಿಎಚ್ ಅನ್ನು, ಅಂದರೆ ಕ್ಷಾರದ ಮಟ್ಟವನ್ನು, ಏರಿಸುತ್ತದೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ, 9ಕ್ಕೇರಿದರೆ ನೂರರಲ್ಲಿ 45 ಪಾಲು.

ಗಾಳ ಹಾಕುವವರಿಗೂ ಇಲ್ಲೊಂದು ಪಾಠವಿದೆ. ಮುಂಜಾನೆ ಮೀನೆಲ್ಲ ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಹಸಿವೆಂದು ತಿಳಿದು ರಾಗಿಹಿಟ್ಟಿನ ಉಂಡೆ ಇಳಿಬಿಡುತ್ತಾರೆ. ಅವು ಮೇವು ಹುಡುಕುತ್ತಿಲ್ಲ, ಉಸಿರು ಹುಡುಕುತ್ತಿವೆ. ಉಸಿರಿಗೇ ಪರದಾಡುವ ಮೀನು ತಿನ್ನುವುದಿಲ್ಲ. ತಿಳಿನೀರಿನ ಹೊಳೆಯಲ್ಲಿ ಮುಂಜಾನೆಯೇ ಸರಿ, ಹಸಿರು ಕೆರೆಯಲ್ಲಿ ಹತ್ತು ಗಂಟೆಯ ಮೇಲೆ ಕೂರುವುದು ಮೇಲು, ಗಾಳಿ ಬಂದು ಬಡಿಯುವ ದಂಡೆಯಲ್ಲಿ.

ಹಳಬರ ಕೆರೆಗಳಲ್ಲಿ ಇಷ್ಟು ಫಜೀತಿ ಇರಲಿಲ್ಲವೇ? ಒಳಚರಂಡಿ ಇರಲಿಲ್ಲ ಎಂಬುದು ಸುಲಭದ ಉತ್ತರ. ಇನ್ನೊಂದು ಉತ್ತರ ಏರಿಯಲ್ಲೇ ಇದೆ. ತೂಬು ಇರುವುದು ಕೆರೆಯ ತಳಮಟ್ಟದಲ್ಲಿ, ಕೋಡಿ ಇರುವುದು ನೆತ್ತಿಯಲ್ಲಿ. ನೀರುಗಂಟಿ ತೂಬೆತ್ತಿದಾಗಲೆಲ್ಲ ಅಚ್ಚುಕಟ್ಟಿಗೆ ಹೋಗುತ್ತಿದ್ದುದು ತಳದ ನೀರು, ಗದ್ದೆಗೆ ಗೊಬ್ಬರದಂಥದ್ದು. ಬೇಸಿಗೆಯಲ್ಲಿ ಗೋಡು ತೆಗೆದು ಹೊಲಕ್ಕೆ ಹೊಡೆದರೆ ಉಳಿದ ಸಾಲವೂ ಚುಕ್ತಾ. ಅಚ್ಚುಕಟ್ಟು ಬಡಾವಣೆಯಾದ ಮೇಲೆ ತೂಬು ಎತ್ತುವ ಕಾರಣವೇ ಹೋಯಿತು. ಈಗ ಕೆರೆಯಿಂದ ಹೊರಹೋಗುವುದು ಕೋಡಿಯ ಮೇಲಿನ ಚೊಕ್ಕ ನೀರು ಮಾತ್ರ, ಕೆಟ್ಟದ್ದು ತಳದಲ್ಲೇ ಕೂಡಿಕೊಳ್ಳುತ್ತದೆ.

ಇದೇ ನಾಟಕ ಮಂಗಳೂರು, ಮಲ್ಪೆಯಾಚೆಯ ಕಡಲಲ್ಲೂ ನಡೆಯುತ್ತದೆ, ರಂಗ ದೊಡ್ಡದು. ಏಪ್ರಿಲ್-ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಆಗ್ನೇಯ ಭಾಗದ ಮೇಲ್ಮೈ 30 ಡಿಗ್ರಿ ಮೀರುತ್ತದೆ. ಒಲೆ ಮೇಲೆ, ಅಂತಸ್ತು ಗಟ್ಟಿ. ತಳದ ಪೋಷಕಾಂಶ ಮೇಲೆ ಬರುವುದಿಲ್ಲ, ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳ ರಾಶಿಯಾದ ಪ್ಲವಕ ಸೊರಗುತ್ತದೆ, ಅದನ್ನೇ ನಂಬಿದ ಬೂತಾಯಿ, ಬಂಗುಡೆ ದಂಡೆಯ ಹತ್ತಿರ ಸಿಗುವುದು ವಿರಳವಾಗುತ್ತದೆ. ಬೋಟು ದೂರ ಹೋಗಬೇಕು, ಡೀಸೆಲ್ ಹೆಚ್ಚು ಸುಡಬೇಕು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯ್ಸ್ ಉಪಗ್ರಹದ ಚಿತ್ರಗಳಲ್ಲಿ ನೀರಿನ ಉಷ್ಣತೆ ಥಟ್ಟನೆ ಬದಲಾಗುವ ಗೆರೆಗಳನ್ನೂ ಹಸಿರಿನ ಪಟ್ಟೆಗಳನ್ನೂ ಹುಡುಕಿ ‘ಇಲ್ಲಿ ಮೀನಿರಬಹುದು’ ಎಂದು ಸೂಚನೆ ಕೊಡುವುದು ಈ ಕಾಲದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಮೋಡ ಕವಿದರೆ ಅದೂ ಕುರುಡು.

ಮುಂಗಾರು ಬಂದ ಮೇಲೆ ಗಾಳಿ ಮೇಲ್ನೀರನ್ನು ದಂಡೆಯಿಂದ ಆಚೆ ಎಳೆಯುತ್ತದೆ, ತಳದ ತಣ್ಣೀರು ಆ ಜಾಗಕ್ಕೆ ಏರುತ್ತದೆ. ಕೆರೆಯಲ್ಲಿ ತಳ ಮೇಲೆ ಬಂದರೆ ಸಾವು, ಕಡಲಲ್ಲಿ ಬಂದರೆ ಹಬ್ಬ. ಕೆರೆಯಲ್ಲಿ ಒಂದು ರಾತ್ರಿಯಲ್ಲಿ ಆಗುವುದು ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನಿಧಾನವಾಗಿ ಆಗುವುದರಿಂದ ಪೋಷಕಾಂಶ ಪ್ಲವಕವಾಗಿ, ಪ್ಲವಕ ಬೂತಾಯಿಯಾಗಿ ಬೆಳೆಯಲು ವ್ಯವಧಾನವಿದೆ. ಉಸಿರುಗಟ್ಟಿದ ಮೀನಿಗೆ ಓಡಿಹೋಗಲು ಜಾಗವೂ ಇದೆ. ಹಾಗೆಂದು ಹಬ್ಬ ಪೂರ್ತಿ ನಿರಪಾಯವಲ್ಲ. ಮಳೆಗಾಲದ ಕೊನೆಗೆ ನಮ್ಮ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಮುಗಿಯುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಆಗ ತಳದ ಮೀನುಗಳಿಗೆ ನಮ್ಮ ಕಟ್ಲಾದ ಪಾಡೇ.

ಈ ಹಬ್ಬದ ಅಡುಗೆ ನಡೆಯುವಾಗ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಎರಡೂ ಕಡಲುಗಳ ಬೋಟುಗಳು ಒಟ್ಟಿಗೆ ನಿಂತಿರುವುದು ಜೂನ್ ಮೊದಲ ಹದಿನಾಲ್ಕು ದಿನ. ಆ ಎರಡು ವಾರ ರಸೆಲ್ ಮಾರ್ಕೆಟ್ಟಿನಲ್ಲಿ ಅಂಜಲ್ ಕೇಳಿದರೆ ಸಿಗುವುದರಲ್ಲಿ ಹೆಚ್ಚಿನದು ಮಂಜುಗಡ್ಡೆಯಲ್ಲಿ ಕೂತ ಹಳೆಯ ಸರಕು. ಕೆರೆಯ ರೋಹು, ಕಟ್ಲಾ ತಾಜಾ ಸಿಗುತ್ತವೆ, ಭರಣಿ, ಕೃತ್ತಿಕೆಯನ್ನು ದಾಟಿ ಉಳಿದಿದ್ದರೆ.