ಎಂಟು ಬಿಟ್‌ನ ನಿಂಜಾ, ಹದಿನಾರು ಬಿಟ್‌ನ ಭವಿಷ್ಯ

2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ದಿ ಮೆಸೆಂಜರ್’ ಎಂಬ ವಿಡಿಯೋ ಗೇಮ್‌ನಲ್ಲಿ, ರಾಕ್ಷಸರ ದಾಳಿಗೆ ತುತ್ತಾದ ಊರಿನ ತರುಣ ನಿಂಜಾ ಒಂದು ಓಲೆಯ ಸುರುಳಿಯನ್ನು ಹೊತ್ತು ಬೆಟ್ಟದ ತುದಿಗೆ ಹೊರಡುತ್ತಾನೆ. ಕೆನಡಾದ ಕ್ವಿಬೆಕ್ ನಗರದ ಸಬೊಟಾಜ್ ಸ್ಟುಡಿಯೊ ರೂಪಿಸಿದ ಈ ಆಟ ಮೊದಮೊದಲು 1980ರ ದಶಕದ್ದೆಂಬಂತೆಯೇ ಕಾಣುತ್ತದೆ. ನಡುದಾರಿಯಲ್ಲಿ ನಾಯಕ 500 ವರ್ಷ ಮುಂದಕ್ಕೆ ಹೋಗುತ್ತಾನೆ. ಅದರೊಂದಿಗೆ ಪರದೆಯ ಚಿತ್ರವೂ ಸಂಗೀತವೂ 8 ಬಿಟ್ (ಒಮ್ಮೆಗೆ ಎಂಟು ಸೊನ್ನೆ-ಒಂದುಗಳನ್ನು ನಿಭಾಯಿಸುವ) ಯಂತ್ರಗಳ ಶೈಲಿಯಿಂದ 16 ಬಿಟ್ ಯಂತ್ರಗಳ ಶೈಲಿಗೆ ಬದಲಾಗುತ್ತವೆ. ಕಾಲದ ಜಿಗಿತವನ್ನು ಯಂತ್ರಗಳ ಚರಿತ್ರೆಯಿಂದಲೇ ತೋರಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು. ಅದರ ಸೊಗಸು ತಿಳಿಯಬೇಕಾದರೆ ಹಳೆಯ ಪೆಟ್ಟಿಗೆಯೊಳಗೆ ಇಣುಕಬೇಕು.

ಆ ಪೆಟ್ಟಿಗೆ 1983ರಲ್ಲಿ ಜಪಾನಿನಲ್ಲಿ ಬಂದ, ನಿಂಟೆಂಡೊ ಕಂಪನಿಯ 8 ಬಿಟ್ ಗೇಮ್ ಯಂತ್ರ ಫ್ಯಾಮಿಕಾಮ್. ‘ದಿ ಮೆಸೆಂಜರ್’ನ ಪೂರ್ವಜನೆನ್ನಬಹುದಾದ ‘ನಿಂಜಾ ಗೈಡನ್’ ಅನ್ನು ಟೆಕ್ಮೊ ಸಂಸ್ಥೆ 1988ರಲ್ಲಿ ತಂದದ್ದು ಇದಕ್ಕಾಗಿಯೇ. 1990ರ ದಶಕದಲ್ಲಿ ನಮ್ಮ ಮನೆಗಳ ಟಿವಿಗೆ ಜೋಡಿಸಿ, ಮೇಲೆ ‘ಕ್ಯಾಸೆಟ್’ ಸಿಕ್ಕಿಸಿ ಆಡುತ್ತಿದ್ದ ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಇದೇ ಯಂತ್ರದ ನಕಲುಗಳು.

ಅದರ ಚಿತ್ರದಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240, ಒಟ್ಟು 61,440 ಚುಕ್ಕಿಗಳಿರುತ್ತವೆ. ಚುಕ್ಕಿಗೊಂದು ಬೈಟ್ ಎಂದರೂ 60 ಕಿಲೋಬೈಟ್ ಬೇಕು. ಚಿತ್ರಕ್ಕೆಂದು ಯಂತ್ರದಲ್ಲಿದ್ದ ನೆನಪು 2 ಕಿಲೋಬೈಟ್ ಮಾತ್ರ. ಈ ಕಂದರವನ್ನು ದಾಟಿಸಿದ್ದು ಮುದ್ರಣಾಲಯದ ಅಚ್ಚುಮೊಳೆಯಂಥ ಒಂದು ಯುಕ್ತಿ. 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ 256 ಪುಟ್ಟ ಚೌಕಗಳನ್ನು ಮೊದಲೇ ಕೆತ್ತಿಟ್ಟುಕೊಂಡು, ಪರದೆಯ 960 ಸ್ಥಾನಗಳಲ್ಲಿ ಎಲ್ಲಿಗೆ ಯಾವ ಮೊಳೆ ಎಂಬುದನ್ನಷ್ಟೇ ಬರೆದಿಟ್ಟರೆ 960 ಬೈಟ್ ಸಾಕು. ಬಣ್ಣದ ವಿವರಕ್ಕೆ ಇನ್ನು 64 ಬೈಟ್ ಸೇರಿದರೆ ಇಡೀ ಪರದೆ ಸರಿಯಾಗಿ ಒಂದು ಕಿಲೋಬೈಟ್‌ನಲ್ಲಿ ಅಡಗುತ್ತದೆ. ಹಳೆಯ ಆಟಗಳಲ್ಲಿ ಒಂದೇ ಇಟ್ಟಿಗೆ, ಒಂದೇ ಹುಲ್ಲಿನ ಎಸಳು ಮತ್ತೆ ಮತ್ತೆ ಕಾಣುವುದು ಕಲಾವಿದನ ಸೋಮಾರಿತನದಿಂದಲ್ಲ, ಮೊಳೆಗಳ ಮಿತಿಯಿಂದ.

ಓಡಾಡುವ ಪಾತ್ರಗಳ ಲೆಕ್ಕ ಬೇರೆ. ಅವು ಸ್ಪ್ರೈಟ್ ಎಂಬ ಸ್ವತಂತ್ರ ತುಣುಕುಗಳು. ಒಮ್ಮೆಗೆ 64, ಪ್ರತಿಯೊಂದಕ್ಕೂ ಮೂರೇ ಬಣ್ಣ, ನಾಲ್ಕನೆಯದು ಪಾರದರ್ಶಕ. ಚಿತ್ರವನ್ನು ಗೆರೆಗೆರೆಯಾಗಿ ಮೂಡಿಸುವ ಹಳೆಯ ಟಿವಿಯ ಇಲೆಕ್ಟ್ರಾನ್ ಕಿರಣ ಒಂದು ಗೆರೆ ಬರೆಯುತ್ತಿರುವಾಗಲೇ ಚಿತ್ರದ ಚಿಪ್ ಮುಂದಿನ ಗೆರೆಯಲ್ಲಿ ಯಾರು ಬರುತ್ತಾರೆಂದು ಹುಡುಕಬೇಕಿತ್ತು, ಮತ್ತು ಆ ಚೂರು ಹೊತ್ತಿನಲ್ಲಿ ಅದು ಎಂಟು ಸ್ಪ್ರೈಟ್‌ಗಳನ್ನಷ್ಟೇ ಆರಿಸಿಕೊಳ್ಳುತ್ತಿತ್ತು. ಒಂಬತ್ತನೆಯದು ಆ ಗೆರೆಯಲ್ಲಿ ಕಾಣುತ್ತಲೇ ಇರಲಿಲ್ಲ. ಯಾರೊಬ್ಬರೂ ಪೂರ್ತಿ ಮಾಯವಾಗದಿರಲೆಂದು ಪ್ರೋಗ್ರಾಮರ್‌ಗಳು ಸೆಕೆಂಡಿಗೆ 60 ಬಾರಿ ಬರುವ ಚಿತ್ರಗಳಲ್ಲಿ ಸ್ಪ್ರೈಟ್‌ಗಳ ಸರದಿಯನ್ನು ಅದಲುಬದಲು ಮಾಡಿದರು. ಶತ್ರುಗಳು ಗುಂಪುಗೂಡಿದಾಗ ಕಾಣುತ್ತಿದ್ದ ಆ ಮಿಣುಕಾಟಕ್ಕೆ ಕಾರಣ ಇದೇ.

1988ರಲ್ಲಿ ಬಂದ, ಸೆಗಾ ಕಂಪನಿಯ 16 ಬಿಟ್ ಯಂತ್ರ ಮೆಗಾ ಡ್ರೈವ್ ಈ ಗಂಟುಗಳನ್ನು ಸಡಿಲಿಸಿತು. 512 ಬಣ್ಣಗಳ ಭಂಡಾರ, ಒಂದು ಗೆರೆಗೆ 20 ಸ್ಪ್ರೈಟ್, ಬೇರೆಬೇರೆ ವೇಗದಲ್ಲಿ ಸರಿಯುವ ಎರಡು ಹಿನ್ನೆಲೆ ಪದರಗಳು ಒದಗಿದ್ದರಿಂದ ದೂರದ ಬೆಟ್ಟ ನಿಧಾನವಾಗಿ, ಹತ್ತಿರದ ಮರ ಬೇಗನೆ ಜಾರಿ ಪರದೆಗೆ ಆಳ ಬಂತು. ಆದರೆ ನನ್ನ ಕಿವಿಗೆ ದೊಡ್ಡ ಬದಲಾವಣೆ ಸಂಗೀತದ್ದು. ಫ್ಯಾಮಿಕಾಮ್‌ನಲ್ಲಿ ಚೌಕಾಕಾರದ ಎರಡು ಧ್ವನಿ ಅಲೆ, ಒಂದು ತ್ರಿಕೋನ ಅಲೆ, ಒಂದು ಗದ್ದಲದ ಅಲೆ, ಜೊತೆಗೆ ಮುದ್ರಿತ ಧ್ವನಿಯ ಒಂದು ದಾರಿ, ಇಷ್ಟೇ. ಮೆಗಾ ಡ್ರೈವ್‌ನ ಯಮಾಹಾ ಚಿಪ್ ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಅಲುಗಾಡಿಸಿ ಗಂಟೆ, ತಂತಿ, ಕಹಳೆಗಳ ನಾದ ಹುಟ್ಟಿಸುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತಗಾರ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ವಿಧಾನವಿದು. ‘ದಿ ಮೆಸೆಂಜರ್’ನ ಸಂಗೀತಗಾರ ಎರಿಕ್ ಬ್ರೌನ್ ತಮ್ಮ ರಾಗಗಳನ್ನು ಈ ಎರಡೂ ಯಂತ್ರಗಳ ಧ್ವನಿಗೆ ಅಳವಡಿಸಿದ್ದಾರೆ.

ಇಂದಿನ ಕಂಪ್ಯೂಟರಿಗೆ ಇವುಗಳಲ್ಲಿ ಯಾವ ಮಿತಿಯೂ ಇಲ್ಲ. ಹಾಗಾಗಿ ಮೂರು ಬಣ್ಣದ ನಿಂಜಾನನ್ನು ಬರೆಯುವುದು ಈಗ ಆಯ್ಕೆಯ ವಿಷಯ. ಆಟದ ಉತ್ತರಾರ್ಧದಲ್ಲಿ ಆ ಆಯ್ಕೆಗೆ ಹೊಸ ಕೆಲಸ ಸಿಗುತ್ತದೆ. ಕಾಲದ ಬಿರುಕುಗಳ ಮೂಲಕ ನಾಯಕ ಎರಡು ಯುಗಗಳ ನಡುವೆ ಓಡಾಡುತ್ತಾನೆ, ಒಂದು ಯುಗದಲ್ಲಿ ಮುಚ್ಚಿದ ಹಾದಿ ಇನ್ನೊಂದರಲ್ಲಿ ತೆರೆದಿರುತ್ತದೆ, ಮತ್ತು ತಾನೀಗ ಯಾವ ಶತಮಾನದಲ್ಲಿದ್ದೇನೆ ಎಂಬುದನ್ನು ಆಟಗಾರ ಬಂಡೆಯ ಬಣ್ಣ ನೋಡಿಯೇ ತಿಳಿಯುತ್ತಾನೆ.