ಎಂಜಿನ್‌ಗೆ ಕಾದ ವಿಮಾನಗಳು: ಮಾರುತ್‌ನಿಂದ ತೇಜಸ್‌ವರೆಗೆ

ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳು ವಾಯುಪಡೆಯ ಕೈಸೇರಲು ತಡವಾಗಿರುವುದಕ್ಕೆ ಅಮೆರಿಕದ ಎಫ್-404 ಎಂಜಿನ್‌ಗಳು ಸಕಾಲಕ್ಕೆ ಬಾರದಿದ್ದುದೂ ಒಂದು ಮುಖ್ಯ ಕಾರಣ. ಸ್ವಂತ ವಿಮಾನಕ್ಕೆ ಪರದೇಶದ ಎಂಜಿನ್ ಕಾಯುವ ಈ ಪಾಡು ಬೆಂಗಳೂರಿಗೆ ಹೊಸದೇನಲ್ಲ. ಆರು ದಶಕಗಳ ಹಿಂದೆ ಇಲ್ಲೇ ರೂಪುಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಕೂಡ ಇದನ್ನೇ ಅನುಭವಿಸಿತ್ತು.

1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್), 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದ ಮೇಲೆ, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವನ್ನು ರೂಪಿಸಲು ಹೊರಟಿತು. ಮೊದಲು ಸಿದ್ಧವಾದದ್ದು ಎಂಜಿನ್ ಇಲ್ಲದ, ಪೂರ್ಣಗಾತ್ರದ ಮರದ ಗ್ಲೈಡರ್. 1959ರ ಏಪ್ರಿಲ್‌ನಿಂದ ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದೊಯ್ದು, ಮೇಲೆ ಬಿಡಿಸಿ, 78 ಹಾರಾಟಗಳಲ್ಲಿ ವಿನ್ಯಾಸದ ಗುಣದೋಷಗಳನ್ನು ಅರಿಯಲಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್‌ನ ಮೊದಲ ಹಾರಾಟ ನಡೆಸಿದರು.

ಆದರೆ ವಿನ್ಯಾಸಕಾರರು ನೆಚ್ಚಿಕೊಂಡಿದ್ದ, ಆಫ್ಟರ್‌ಬರ್ನರ್ (ಎಂಜಿನ್‌ನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಸಾಧನ) ಸಹಿತ 8,170 ಪೌಂಡ್ ನೂಕುಬಲದ ಆರ್ಫಿಯಸ್-12 ಎಂಜಿನ್‌ನ ಅಭಿವೃದ್ಧಿಯನ್ನು ಬ್ರಿಟನ್‌ನಲ್ಲಿ ಅಷ್ಟರೊಳಗೇ ಕೈಬಿಡಲಾಗಿತ್ತು. ಖರ್ಚು ಭರಿಸಿದರೆ ಕೆಲಸ ಮುಂದುವರಿಸುವ ಅವಕಾಶವಿದ್ದರೂ ದೆಹಲಿ ಒಪ್ಪಲಿಲ್ಲ. ಹೀಗಾಗಿ 4,850 ಪೌಂಡ್ ನೂಕುಬಲದ ಆರ್ಫಿಯಸ್-703 ಎಂಜಿನ್‌ಗಳೆರಡರಲ್ಲೇ ಮಾರುತ್ ತೃಪ್ತಿಪಡಬೇಕಾಯಿತು. ಶಬ್ದದ ವೇಗವನ್ನು ಅದು ಮುಟ್ಟಿದ್ದೇ ಹೆಚ್ಚು. ಈಜಿಪ್ಟ್‌ನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ ಅಳವಡಿಸುವ ಪ್ರಯತ್ನವೂ 1969ರ ಹೊತ್ತಿಗೆ ನಿಂತುಹೋಯಿತು. ಅಂದು ಉಳಿಸಿದ ಹಣಕ್ಕಿಂತ ಕಳೆದುಕೊಂಡ ಕಾಲವೇ ದುಬಾರಿಯಾಯಿತೆಂದು ಕಾಣುತ್ತದೆ.

ಉಳಿದ ದಾರಿಯೆಂದರೆ ಇದ್ದ ಎಂಜಿನ್‌ಗೇ ಇಲ್ಲಿ ಆಫ್ಟರ್‌ಬರ್ನರ್ ಜೋಡಿಸುವುದು. ಅದಕ್ಕಾಗಿ ವಿಮಾನದ ಹಿಂಭಾಗವನ್ನು ಮಾರ್ಪಡಿಸಿದಾಗ ಗಾಳಿಯ ಎಳೆತ ಹೆಚ್ಚಿ, ಗಳಿಸಿದ ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಸೋರಿಹೋಯಿತು. 1970ರ ಜನವರಿ 10ರಂದು ಅಂಥದೊಂದು ಮಾದರಿ ಬೆಂಗಳೂರಿನಲ್ಲಿ ನೆಲ ಬಿಟ್ಟ ಕೂಡಲೇ ಅಪಘಾತಕ್ಕೀಡಾಗಿ, ಆಗ ಗ್ರೂಪ್ ಕ್ಯಾಪ್ಟನ್ ಆಗಿದ್ದ ದಾಸ್ ಮೃತಪಟ್ಟರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ನಿತ್ಯ ಓಡಾಡುವವರಲ್ಲಿ ಈ ಹಿನ್ನೆಲೆ ಬಲ್ಲವರು ಹೆಚ್ಚಿರಲಾರರು. ಟೆಸ್ಟ್ ಪೈಲಟ್ ಎಂದರೆ ಸಾಹಸಿ ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿದೆ. ವಾಸ್ತವದಲ್ಲಿ, ಎಲ್ಲೋ ಕೈಗೊಂಡ ನಿರ್ಣಯಗಳ ಕೊರತೆಯನ್ನು ಮೊದಲು ಎದುರಿಸುವವನು ಅವನೇ.

147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಕಾದಿದವು, 1990ರ ವೇಳೆಗೆ ನಿವೃತ್ತವಾದವು. ತೇಜಸ್‌ಗೆಂದೇ 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ನಿರೀಕ್ಷಿತ ಶಕ್ತಿ ನೀಡದೆ, 2008ರಲ್ಲಿ ಆ ಯೋಜನೆಯಿಂದ ಬೇರ್ಪಟ್ಟಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ತೇಜಸ್ ಅನ್ನು ಮೊದಲ ಬಾರಿ ಹಾರಿಸಿದಾಗಲೂ ಅದರಲ್ಲಿದ್ದದ್ದು ಎಫ್-404. 2021ರಲ್ಲಿ ಒಪ್ಪಂದವಾದ 83 ವಿಮಾನಗಳಿಗೂ ಅದೇ ಗತಿ.